ಎಂಬತ್ತು ನಿಮಿಷ, ಅರವತ್ತು ಪ್ರಶ್ನೆ: ನಿಧಾನವಾಗಿ ಯೋಚಿಸುವ ಮಗು ದಡ್ಡ ಮಗುವೇ?

ಜಗಲಿಕಟ್ಟೆ (ಸೋಮವಾರ, ರಾತ್ರಿ 9.40)

ನಮ್ಮದು ಸಾಗರದಿಂದ ಹದಿನಾಲ್ಕು ಕಿಲೋಮೀಟರ್ ಒಳಗಿನ ಹಳ್ಳಿ. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಜೊತೆಗೆ ಸಿಇಟಿ ತರಬೇತಿ. ಕಳೆದ ವಾರ ಗಣಿತದ ಅಣಕು ಪರೀಕ್ಷೆ ಇತ್ತು. 60 ಪ್ರಶ್ನೆ, 80 ನಿಮಿಷ. ಇವಳು ಉತ್ತರಿಸಿದ್ದು 37, ಅದರಲ್ಲಿ 36 ಸರಿ. ಉಳಿದ 23 ಪ್ರಶ್ನೆಗಳನ್ನು ಮುಟ್ಟಿಯೇ ಇಲ್ಲ.

ಪೋಷಕರ ಸಭೆಯಲ್ಲಿ ತರಬೇತಿ ಕೊಡುವವರೊಬ್ಬರು ಹಾಳೆಯನ್ನು ನನ್ನ ಕಡೆಗೆ ಸರಿಸಿ, "ಹುಡುಗಿಗೆ ಬುದ್ಧಿ ಇದೆ, ಸ್ಪೀಡ್ ಇಲ್ಲ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ತಲೆ ಎತ್ತದೆಯೇ ಇನ್ನೊಂದು ಮಾತು ಸೇರಿಸಿದರು: "ಸ್ಪೀಡ್ ಇಲ್ಲದ ಬುದ್ಧಿಯನ್ನು ಬುದ್ಧಿ ಎನ್ನುವುದು ಹೇಗಮ್ಮ?" ಬಸ್ಸು ಆನಂದಪುರ ದಾಟುವವರೆಗೂ ಆ ಮಾತು ಕಿವಿಯಲ್ಲೇ ಇತ್ತು.

ನಿಜ, ಅವಳು ಮೊದಲಿನಿಂದಲೂ ನಿಧಾನ. ಇನ್ನೊಂದು ದೋಸೆ ಹಾಕಲೇ ಎಂದು ಕೇಳಿದರೆ ಉತ್ತರ ಬರುವಷ್ಟರಲ್ಲಿ ಕಾವಲಿ ಹೊಗೆಯಾಡುತ್ತದೆ. ಜಗಲಿಯ ಮೇಲೆ ಒಂದೇ ಲೆಕ್ಕ ಹಿಡಿದು ಕುಳಿತರೆ ದನ ಕೊಟ್ಟಿಗೆಗೆ ಬಂದದ್ದೂ ಗೊತ್ತಾಗುವುದಿಲ್ಲ. ಇದು ಬುದ್ಧಿಯ ಕೊರತೆಯೇ, ಸ್ವಭಾವವೇ? ಸಮಾಧಾನದ ಮಾತು ಬೇಡ, ತಿಳಿದವರು ತಿಳಿದದ್ದನ್ನು ಹೇಳಿ.

ಭದ್ರಾವತಿ ಹುಡುಗ (ಸೋಮವಾರ, ರಾತ್ರಿ 9.52)

ಅಕ್ಕ, ಸಮಾಧಾನ ಬೇಡ ಎಂದಿದ್ದೀರಿ, ಹಾಗಾಗಿ ನೇರವಾಗಿ ಬರೆಯುತ್ತೇನೆ. ಹೇಳಿದ ರೀತಿ ಒರಟು, ಹೇಳಿದ ವಿಷಯದಲ್ಲಿ ಹುರುಳಿದೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಅದೇ ಪ್ರೋಗ್ರಾಮನ್ನು ಹಳೆಯ ಪ್ರೊಸೆಸರ್ ಹತ್ತು ನಿಮಿಷಕ್ಕೆ ಮುಗಿಸುತ್ತದೆ, ಹೊಸದು ಒಂದು ನಿಮಿಷಕ್ಕೆ. ಯಾವುದು ಉತ್ತಮ ಎಂದು ಯಾರೂ ಚರ್ಚೆಗೆ ಕೂರುವುದಿಲ್ಲ. ಮಿದುಳಿಗೆ ಮಾತ್ರ ಬೇರೆ ನ್ಯಾಯ ಏಕೆ?

ಗಣಿತಜ್ಞ ಜಾನ್ ವಾನ್ ನ್ಯೂಮನ್ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. 20 ಮೈಲಿ ದೂರದಿಂದ ಇಬ್ಬರು ಗಂಟೆಗೆ 10 ಮೈಲಿ ವೇಗದಲ್ಲಿ ಎದುರುಬದುರಾಗಿ ಸೈಕಲ್ ತುಳಿದು ಬರುತ್ತಾರೆ. 15 ಮೈಲಿ ವೇಗದ ನೊಣವೊಂದು ಇವರಿಬ್ಬರ ನಡುವೆ ಹಿಂದೆ ಮುಂದೆ ಹಾರುತ್ತಿರುತ್ತದೆ. ಸೈಕಲ್‌ಗಳು ಸೇರುವಷ್ಟರಲ್ಲಿ ನೊಣ ಎಷ್ಟು ದೂರ ಹಾರಿತು? ಸೇರಲು ಒಂದು ಗಂಟೆ ಬೇಕು, ಹಾಗಾಗಿ 15 ಮೈಲಿ, ಇದು ಸುಲಭದ ದಾರಿ. ನೊಣದ ಒಂದೊಂದು ಹಾರಾಟವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಮುಗಿಯದ ಆ ಸಾಲನ್ನು ಕೂಡಿಸುವುದು ಕಷ್ಟದ ದಾರಿ. ನ್ಯೂಮನ್ ತಕ್ಷಣ ಉತ್ತರ ಹೇಳಿದರಂತೆ. ಕೇಳಿದವರು "ಓ, ಉಪಾಯ ಮೊದಲೇ ಗೊತ್ತಿತ್ತೇ?" ಎಂದರೆ "ಯಾವ ಉಪಾಯ? ಅನಂತ ಶ್ರೇಣಿಯನ್ನು ಕೂಡಿಸಿದೆ ಅಷ್ಟೇ" ಎಂದರಂತೆ. ಕಥೆ ನಿಜವೋ ಸುಳ್ಳೋ, ಆ ಮನುಷ್ಯನ ವೇಗವನ್ನು ಕಂಡು ಜೊತೆಗಿದ್ದ ದೊಡ್ಡ ದೊಡ್ಡ ವಿಜ್ಞಾನಿಗಳೇ ಬೆರಗಾಗಿದ್ದರು. ಮಹಾಪ್ರತಿಭೆ ಎಂದರೆ ಅದು.

ಹಳೆ ಮೇಷ್ಟ್ರು (ಸೋಮವಾರ, ರಾತ್ರಿ 11.15)

ನಿದ್ದೆ ಬರುತ್ತಿಲ್ಲ, ಹೊರಗೆ ಕಾಲವಲ್ಲದ ಕಾಲದಲ್ಲಿ ಮಳೆ, ಕರೆಂಟ್ ಯಾವಾಗ ಹೋಗುತ್ತದೆಯೋ ಗೊತ್ತಿಲ್ಲ. ಅದಕ್ಕೆ ಮೊದಲು ಬರೆದುಬಿಡುತ್ತೇನೆ.

ಭದ್ರಾವತಿಯವರೇ, ನೀವು ಹೇಳಿದ್ದು ಹೊಸ ಮಾತಲ್ಲ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಒಂದು ಮಳಿಗೆ ತೆರೆದ. ಮೂರು ಪೆನ್ಸ್ ಕೊಟ್ಟು ಒಳಗೆ ಹೋದವರ ದೃಷ್ಟಿ, ಶ್ರವಣ, ಮುಷ್ಟಿಯ ಬಲದ ಜೊತೆಗೆ ಪ್ರತಿಕ್ರಿಯೆಯ ವೇಗವನ್ನೂ ಅಳೆದ. ಚುರುಕಾದ ನರ, ಚುರುಕಾದ ಬುದ್ಧಿ ಎಂಬುದು ಅವನ ಎಣಿಕೆ. 1901ರಲ್ಲಿ ಕ್ಲಾರ್ಕ್ ವಿಸ್ಲರ್ ಎಂಬಾತ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರತಿಕ್ರಿಯೆಯ ವೇಗವನ್ನೂ ಅವರ ಅಂಕಗಳನ್ನೂ ತಾಳೆ ನೋಡಿದ. ಸಂಬಂಧವೇ ಕಾಣಲಿಲ್ಲ. ಅಲ್ಲಿಗೆ ಹಲವು ದಶಕ ಆ ವಿಚಾರ ಮೂಲೆಗೆ ಬಿತ್ತು.

ಆದರೆ ವಿಸ್ಲರನ ಅಳತೆಯಲ್ಲೇ ದೋಷವಿತ್ತು. ಒಬ್ಬೊಬ್ಬರಿಗೂ ಬೆರಳೆಣಿಕೆಯಷ್ಟು ಸಲ ಮಾತ್ರ ಪರೀಕ್ಷೆ ಮಾಡಿದ್ದ, ಮೇಲಾಗಿ ಕಾಲೇಜು ಸೇರಿದವರೆಲ್ಲ ಆಗಲೇ ಜರಡಿ ಹಿಡಿದು ಬಂದವರು. ಬರೀ ಎತ್ತರದವರನ್ನು ಸಾಲಾಗಿ ನಿಲ್ಲಿಸಿ ಎತ್ತರದಿಂದ ಪ್ರಯೋಜನವಿಲ್ಲ ಎಂದ ಹಾಗಾಯಿತು. 2001ರಲ್ಲಿ ಮನಶ್ಶಾಸ್ತ್ರಜ್ಞ ಇಯಾನ್ ಡಿಯರಿ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಲ್ಲಿ ಐವತ್ತಾರರ ಆಸುಪಾಸಿನ 900 ಜನಸಾಮಾನ್ಯರನ್ನು ಅಳೆದಾಗ ಚಿತ್ರ ಬದಲಾಯಿತು. ನಾಲ್ಕು ಗುಂಡಿಗಳಲ್ಲಿ ಸರಿಯಾದದ್ದನ್ನು ಒತ್ತುವ ವೇಗಕ್ಕೂ ಬುದ್ಧಿಪರೀಕ್ಷೆಯ ಅಂಕಕ್ಕೂ 0.49ರಷ್ಟು ಸಹಸಂಬಂಧ ಸಿಕ್ಕಿತು (ಸಂಬಂಧವೇ ಇಲ್ಲದಿದ್ದರೆ 0, ಎರಡೂ ಪೂರ್ತಿ ಒಟ್ಟಿಗೇ ಸಾಗಿದರೆ 1). ಸಣ್ಣದಲ್ಲ. ಅದನ್ನು ವರ್ಗ ಮಾಡಿ ನೋಡಿ, ಅಂಕಗಳ ಏರಿಳಿತದಲ್ಲಿ ಸುಮಾರು ಕಾಲು ಭಾಗ ವೇಗದೊಂದಿಗೆ ಸಾಗುತ್ತದೆ. ಉಳಿದ ಮುಕ್ಕಾಲು?

ಈಗ ನಮ್ಮವರ ಕಥೆ. ಶಕುಂತಲಾ ದೇವಿ ಬೆಂಗಳೂರಿನಲ್ಲಿ ಹುಟ್ಟಿದವರು. 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. 1988ರಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಅವರನ್ನು ಪರೀಕ್ಷಿಸಿದ. ವೇಗವೇ ಬುದ್ಧಿಯ ಬುನಾದಿ ಎಂದು ವಾದಿಸುತ್ತಿದ್ದ ಮನುಷ್ಯ ಅವನು. 6,16,29,875ರ ಘನಮೂಲ ಕೇಳಿದರೆ ಅವನು ಸಂಖ್ಯೆಯನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವ ಮೊದಲೇ 395 ಎಂದು ಉತ್ತರ ಬರುತ್ತಿತ್ತು. ಆದರೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಆಕೆಯ ವೇಗದಲ್ಲಿ ಅಂಥ ವಿಶೇಷವೇನೂ ಇರಲಿಲ್ಲ! 1990ರಲ್ಲಿ ಅವನೇ ಇದನ್ನು ಪ್ರಕಟಿಸಿದ. ಆಕೆಯ ಮಿದುಳು ನಮ್ಮದಕ್ಕಿಂತ ವೇಗವಾಗಿ ಓಡುತ್ತಿರಲಿಲ್ಲ. ಸಂಖ್ಯೆಗಳ ಊರಿನಲ್ಲೇ ಹುಟ್ಟಿ ಬೆಳೆದವರಿಗೆ ಒಳದಾರಿಗಳು ಗೊತ್ತಿದ್ದವು, ನಾವು ಹೆದ್ದಾರಿ ಹಿಡಿದು ಸುತ್ತುತ್ತೇವೆ.

ರಾಮಾನುಜನ್ ಅವರ 1729ರ ಕಥೆಯೂ ಇಂಥದ್ದೇ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವರು, ನೋಡಲು ಬಂದ ಗಣಿತಜ್ಞ ಹಾರ್ಡಿಯ ಟ್ಯಾಕ್ಸಿಯ ಸಂಖ್ಯೆ ಕೇಳಿದ ಕ್ಷಣವೇ ಎರಡು ಬಗೆಯಲ್ಲಿ ಎರಡು ಘನಗಳ ಮೊತ್ತವಾಗುವ ಅತಿ ಚಿಕ್ಕ ಸಂಖ್ಯೆ ಅದು ಎಂದದ್ದನ್ನು ನಾವು ಮಿಂಚಿನ ಲೆಕ್ಕ ಎಂದುಕೊಳ್ಳುತ್ತೇವೆ. ಆ ಸಂಖ್ಯೆ ಅದಕ್ಕೂ ವರ್ಷಗಳ ಹಿಂದೆಯೇ ಅವರ ಟಿಪ್ಪಣಿ ಪುಸ್ತಕದಲ್ಲಿತ್ತು. ಹಳೆಯ ಸ್ನೇಹಿತನನ್ನು ದಾರಿಯಲ್ಲಿ ಗುರುತಿಸಲು ಎಷ್ಟು ಹೊತ್ತು ಬೇಕು?

ಕರೆಂಟ್ ಹೋಯಿತು. ಮೊಬೈಲ್ ಚಾರ್ಜ್ ಒಂಬತ್ತು ಉಳಿದಿದೆ.

ಮೆಟ್ಟುಗತ್ತಿ (ಮಂಗಳವಾರ, ಬೆಳಿಗ್ಗೆ 6.30)

ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ಹೊಸನಗರದ ಕಡೆ ಎರಡೂವರೆ ಎಕರೆ ತೋಟ. ಮಿದುಳಿನ ವಿಷಯ ಗೊತ್ತಿಲ್ಲ, ಅಡಿಕೆ ಸುಲಿಯುವುದು ಗೊತ್ತು.

ಈಗ ಅರ್ಧಕ್ಕರ್ಧ ಯಂತ್ರಕ್ಕೆ ಹೋಗುತ್ತದೆ. ಆದರೂ ನಮ್ಮಲ್ಲಿಗೆ ಸುಲಿಯಲು ಬರುವ ಹೆಂಗಸರಲ್ಲಿ ಅರವತ್ತು ದಾಟಿದ ಒಬ್ಬರಿದ್ದಾರೆ. ಮೂರು ಸೆಕೆಂಡಿಗೆ ಒಂದು ಅಡಿಕೆ, ಗಡಿಯಾರ ಹಿಡಿದು ನೋಡಿದ್ದೇನೆ. ಸಂಜೆ ಏಳಕ್ಕೆ ಮೆಟ್ಟುಗತ್ತಿಯ ಮುಂದೆ ಕುಳಿತರೆ ಹತ್ತಕ್ಕೆ ಏಳುವಷ್ಟರಲ್ಲಿ ಆರು ಸಾವಿರ ಅಡಿಕೆ ಬುಟ್ಟಿಯಲ್ಲಿರುತ್ತದೆ. ಅವರ ಪಕ್ಕದಲ್ಲಿ ಕೂರುವ ಹುಡುಗಿಗೆ ವಯಸ್ಸು ಇಪ್ಪತ್ತೆರಡು, ಕೈ ಅವರಿಗಿಂತ ಜೋರಾಗಿ ಆಡುತ್ತದೆ, ಆದರೆ ಅರ್ಧದಷ್ಟೂ ಸುಲಿಯುವುದಿಲ್ಲ. ಏಕೆಂದು ಒಂದು ದಿನ ಕುಳಿತು ನೋಡಿದೆ. ಹುಡುಗಿ ಅಡಿಕೆಯನ್ನು ಕತ್ತಿಗೆ ಮೂರು ಸಲ ತಾಗಿಸುತ್ತಾಳೆ, ಪ್ರತಿ ಸಲವೂ ನೋಡುತ್ತಾಳೆ. ಹಿರಿಯರು ಬುಟ್ಟಿಯಿಂದ ಎತ್ತುವಾಗಲೇ ಬೆರಳಿನಲ್ಲಿ ಅದನ್ನು ತಿರುಗಿಸಿರುತ್ತಾರೆ, ಕತ್ತಿಗೆ ತಾಗುವುದು ಒಂದೇ ಸಲ, ಸಿಪ್ಪೆ ಬಾಯಿ ಬಿಡುತ್ತದೆ, ಅಡಿಕೆ ಹೊರಗೆ ಹಾರುತ್ತದೆ. ಕಣ್ಣು ಎದುರಿಗೆ ಕುಳಿತವರ ಮೇಲೆ, ಬಾಯಲ್ಲಿ ಸೊಸೆಯ ದೂರು. ಹಣ್ಣಡಿಕೆ ಕೈಗೆ ಬಂದರೆ ಮಾತು ನಿಲ್ಲಿಸದೆಯೇ ಪಕ್ಕಕ್ಕೆ ಹಾಕುತ್ತಾರೆ.

ಅವರ ಕೈ ವೇಗವಾಗಿಲ್ಲ. ಬೇಡದ ಕೆಲಸ ಮಾಡುವುದಿಲ್ಲ, ಅಷ್ಟೇ.

ಇನ್ನೊಂದು. ಅದೇ ಹಿರಿಯರನ್ನು ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಲ್ಲಿಸಿ ಹದ ಬಂತೇ ಎಂದು ಕೇಳಿದರೆ ಉತ್ತರವೇ ಬರುವುದಿಲ್ಲ. ಒಂದು ಅಡಿಕೆ ತೆಗೆದು ಕತ್ತರಿಸಿ ನೋಡುತ್ತಾರೆ, ಚೊಗರಿನ, ಅಂದರೆ ಬೇಯಿಸುವ ನೀರಿನ, ಬಣ್ಣ ನೋಡುತ್ತಾರೆ, ಸುಮ್ಮನಿರುತ್ತಾರೆ, ಮತ್ತೊಂದು ತೆಗೆಯುತ್ತಾರೆ. ಅಲ್ಲಿ ಅವಸರ ಮಾಡಿದರೆ ಹಂಡೆಯಷ್ಟೂ ಹಾಳು ಎಂದು ಗೊತ್ತು.

ಕುಂದಾದ್ರಿ (ಮಂಗಳವಾರ, ಮಧ್ಯಾಹ್ನ 1.20)

ಮೆಟ್ಟುಗತ್ತಿಯವರೇ, ನಾನು ಮನಶ್ಶಾಸ್ತ್ರದಲ್ಲಿ ಎಂಎ ಓದುತ್ತಿದ್ದೇನೆ. ನೀವು ಸುಲಿತದಲ್ಲಿ ಕಂಡದ್ದಕ್ಕೆ ನಮ್ಮ ಪಾಠದಲ್ಲಿ ನರಗಳ ದಕ್ಷತೆ ಎಂಬ ಹೆಸರಿದೆ.

1988ರಲ್ಲಿ ರಿಚರ್ಡ್ ಹೇಯರ್ ಎಂಬವರು ಎಂಟು ಯುವಕರಿಗೆ ಕಷ್ಟದ ಆಕೃತಿ ಒಗಟುಗಳನ್ನು ಕೊಟ್ಟು, ಪೆಟ್ ಸ್ಕ್ಯಾನ್ ಮೂಲಕ ಅವರ ಮಿದುಳು ಎಷ್ಟು ಗ್ಲೂಕೋಸ್ ಉರಿಸುತ್ತದೆ ಎಂದು ನೋಡಿದರು. ಹೆಚ್ಚು ಅಂಕ ಪಡೆದವರ ಮಿದುಳು ಹೆಚ್ಚು ಉರಿಸಬೇಕಲ್ಲವೇ? ಉಲ್ಟಾ ಆಯಿತು, ಕಡಿಮೆ ಉರಿಸಿತ್ತು. ಆಮೇಲೆ ಟೆಟ್ರಿಸ್ ಆಟವನ್ನು ಕೆಲವು ವಾರ ಅಭ್ಯಾಸ ಮಾಡಿಸಿ ನೋಡಿದರು. ಆಟ ಸುಧಾರಿಸಿತು, ಮಿದುಳಿನ ಖರ್ಚು ಇಳಿಯಿತು. ನಿಮ್ಮ ಹಿರಿಯರ ಒಂದೇ ಏಟಿನ ಹಾಗೆ. ಎಂಟೇ ಜನರ ಅಧ್ಯಯನ, ಹಾಗಾಗಿ ತಲೆಯ ಮೇಲೆ ಹೊತ್ತು ಕುಣಿಯುವಂತಿಲ್ಲ. ನಂತರದ ಸಂಶೋಧನೆಗಳು ಇದಕ್ಕೊಂದು ಷರತ್ತು ಹಾಕಿದವು: ಕೆಲಸ ಸುಲಭ ಅಥವಾ ಮಧ್ಯಮವಾಗಿದ್ದಾಗ ಚುರುಕಾದವರ ಮಿದುಳು ಮಿತವ್ಯಯಿ, ಕೆಲಸ ನಿಜಕ್ಕೂ ಕಷ್ಟವಾದಾಗ ಅವರೇ ಹೆಚ್ಚು ಖರ್ಚು ಮಾಡುತ್ತಾರೆ. ಹಂಡೆಯ ಮುಂದಿನ ಮೌನ ಇದೇ ಇರಬಹುದೇ?

ಭದ್ರಾವತಿಯವರ ಪ್ರೊಸೆಸರ್ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಪ್ರೊಸೆಸರ್ ಯಾವ ದಾರಿ ಹಿಡಿಯಬೇಕು ಎಂದು ತಾನೇ ಹುಡುಕುವುದಿಲ್ಲ, ಪ್ರೋಗ್ರಾಂ ಬರೆದವರು ಹೇಳಿಕೊಟ್ಟ ದಾರಿಯಲ್ಲಿ ಓಡುತ್ತದೆ. ಮನುಷ್ಯರಲ್ಲಿ ಹೊತ್ತು ಹಿಡಿಯುವುದು ಆ ಹುಡುಕಾಟವೇ. ಹಾಗೆಂದು ವೇಗ ಬರೀ ಭ್ರಮೆ ಎಂದೂ ನಾನು ಹೇಳುವುದಿಲ್ಲ. ಎರಡು ಗೆರೆಗಳನ್ನು ಕ್ಷಣಾರ್ಧ ತೋರಿಸಿ ಯಾವುದು ಉದ್ದ ಎಂದು ಕೇಳುವ ಪರೀಕ್ಷೆಯೊಂದಿದೆ. ಅಲ್ಲಿ ಕೈಯ ವೇಗದ ಪ್ರಶ್ನೆಯೇ ಇಲ್ಲ, ಉತ್ತರಿಸಲು ಎಷ್ಟು ಹೊತ್ತಾದರೂ ತೆಗೆದುಕೊಳ್ಳಬಹುದು. ಎಷ್ಟು ಕಡಿಮೆ ಹೊತ್ತು ತೋರಿಸಿದರೆ ಸಾಕು ಎಂಬುದಷ್ಟೇ ಲೆಕ್ಕ. ಅದಕ್ಕೂ ಬುದ್ಧಿಪರೀಕ್ಷೆಯ ಅಂಕಕ್ಕೂ ನೇರವಾಗಿ ಸುಮಾರು 0.3, ಅಳತೆಯ ದೋಷಗಳನ್ನು ಸರಿಪಡಿಸಿದರೆ 0.5ರಷ್ಟು ಸಂಬಂಧ ಕಂಡಿದೆ.

2023ರಲ್ಲಿ ಬರ್ಲಿನ್ನಿನ ತಂಡವೊಂದು 650 ಜನರ ಮಾಹಿತಿ ಹಿಡಿದು ನೋಡಿದ್ದು ಅಕ್ಕನ ಪ್ರಶ್ನೆಗೆ ಹತ್ತಿರ ಬರುತ್ತದೆ. ಬುದ್ಧಿಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಸುಲಭದ ಪ್ರಶ್ನೆಗಳನ್ನು ಬೇಗ ಮುಗಿಸಿದರು, ಕಠಿಣ ಪ್ರಶ್ನೆಗಳಿಗೆ ಉಳಿದವರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು, ತಪ್ಪು ಕಡಿಮೆ ಮಾಡಿದರು.

ಒಂದು ಸಣ್ಣ ಲೆಕ್ಕ, ಯಾರು ಬೇಕಾದರೂ ಹೇಳಬಹುದು. ಕತ್ತಿ ಮತ್ತು ಅದರ ಹಿಡಿ ಸೇರಿ 550 ರೂಪಾಯಿ. ಕತ್ತಿಯ ಬೆಲೆ ಹಿಡಿಗಿಂತ 500 ರೂಪಾಯಿ ಹೆಚ್ಚು. ಹಿಡಿ ಎಷ್ಟು?

ಭದ್ರಾವತಿ ಹುಡುಗ (ಮಂಗಳವಾರ, ಮಧ್ಯಾಹ್ನ 1.21)

50. ಇದೂ ಒಂದು ಪ್ರಶ್ನೆಯೇ?

ಭದ್ರಾವತಿ ಹುಡುಗ (ಮಂಗಳವಾರ, ಮಧ್ಯಾಹ್ನ 1.34)

ತಡೆಯಿರಿ. ಹಿಡಿ 50 ಆದರೆ ಕತ್ತಿ 550, ಎರಡೂ ಸೇರಿ 600. ಹಿಡಿ 25. ಮೇಲಿನದನ್ನು ಅಳಿಸಲು ಹೋದೆ, ಅಷ್ಟರಲ್ಲಿ ಇಬ್ಬರು ನಗುವ ಮುಖ ಒತ್ತಿಯಾಗಿದೆ. ಇರಲಿ ಬಿಡಿ.

ಕುಂದಾದ್ರಿ (ಮಂಗಳವಾರ, ಮಧ್ಯಾಹ್ನ 1.40)

ಬೇಸರ ಬೇಡ. ಶೇನ್ ಫ್ರೆಡೆರಿಕ್ 2005ರಲ್ಲಿ ಬ್ಯಾಟು ಚೆಂಡು ಇಟ್ಟುಕೊಂಡು ಇದೇ ಲೆಕ್ಕ ಕೇಳಿದಾಗ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ಎಷ್ಟೋ ವಿದ್ಯಾರ್ಥಿಗಳು ನಿಮ್ಮ ಮೊದಲ ಉತ್ತರವನ್ನೇ ಬರೆದಿದ್ದರು.

ಮದ್ದಳೆ ಪ್ರಿಯ (ಮಂಗಳವಾರ, ರಾತ್ರಿ 8.05)

ಎಲ್ಲರೂ ಲೆಕ್ಕವನ್ನೇ ಹಿಡಿದುಕೊಂಡಿದ್ದೀರಿ, ಮಾತಿನ ವೇಗವನ್ನು ಬಿಟ್ಟಿರಿ ಮಾರಾಯರೇ. ತೀರ್ಥಹಳ್ಳಿ ಕಡೆ ಒಂದು ತಾಳಮದ್ದಳೆಗೆ, ವೇಷ ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನಕ್ಕೆ, ಬಂದು ಕುಳಿತು ನೋಡಿ. ಕರ್ಣನ ಅರ್ಥ ಹೇಳುವವರು ಒಂದು ಪ್ರಶ್ನೆ ಎಸೆದರೆ ಕೃಷ್ಣ ಅದನ್ನು ನೆಲಕ್ಕೆ ಬೀಳಲು ಬಿಡಬಾರದು. ಅಲ್ಲಿ "ಯೋಚಿಸಿ ನಾಳೆ ಹೇಳುತ್ತೇನೆ" ಎಂದರೆ ಸಭೆ ಎದ್ದು ಕಾಫಿಗೆ ಹೋಗುತ್ತದೆ. ಹಾಗಾಗಿ ವೇಗವನ್ನು ತೀರಾ ಕಡೆಗಣಿಸಬೇಡಿ.

ಆದರೆ ಅರ್ಥಧಾರಿಗಳೊಬ್ಬರ ಮನೆಗೆ ಹೋದಾಗ ನೋಡಿದ್ದೇನೆ, ಪ್ರಸಂಗದ ಹಿಂದಿನ ದಿನ ಇಡೀ ಮಧ್ಯಾಹ್ನ ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದರು. ಎದುರಾಳಿ ಏನು ಕೇಳಬಹುದು, ಅದಕ್ಕೆ ಏನು, ಅದರ ಮೇಲೆ ಏನು. ಮರುದಿನ ಆಶುವಾಗಿ ಹೊಳೆದಂತೆ ಹೇಳಿದ ಮಾತಿಗೆ ಚಪ್ಪಾಳೆ ಬಿತ್ತು. ಎಂಟು ಜನರ ಸವಾಲುಗಳನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನವೂ ಹಾಗೆಯೇ. ನಿಷೇಧಾಕ್ಷರಿ ಎಂಬ ಸವಾಲಿನಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಪದ್ಯದ ಅಕ್ಷರ ಅಕ್ಷರಕ್ಕೂ ಅಡ್ಡ ಹಾಕುತ್ತಾರೆ, ನಡುವೆ ಅಪ್ರಸ್ತುತ ಪ್ರಸಂಗದವರ ಕೀಟಲೆ ಬೇರೆ. ಅವಧಾನಿ ಒಂದನ್ನು ಅರ್ಧಕ್ಕೆ ಬಿಟ್ಟು ಉಳಿದ ಕಡೆಗೆಲ್ಲ ಹೋಗಿ ಬಂದು, ಬಿಟ್ಟ ಪಾದವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ನನಗೆ ಬೆರಗು ಹುಟ್ಟಿಸುವುದು ಅವರ ವೇಗವಲ್ಲ, ಎಲ್ಲವನ್ನೂ ನೆನಪಿನಲ್ಲಿ ಹಿಡಿದಿಡುವ ಆ ಧಾರಣ.

ಹಳೆ ಮೇಷ್ಟ್ರು (ಬುಧವಾರ, ಬೆಳಿಗ್ಗೆ 7.10)

ಮೊನ್ನೆ ಅರ್ಧಕ್ಕೆ ನಿಂತಿತ್ತು. ವೇಗವಿದ್ದೂ ಉಳಿದದ್ದು ಇಲ್ಲದವನ ಉದಾಹರಣೆ ಕೊಡಬೇಕೆಂದಿದ್ದೆ. ಜರ್ಮನಿಯ ಜಕರಿಯಾಸ್ ಡೇಸ್. ಎಂಟು ಅಂಕಿಗಳ ಎರಡು ಸಂಖ್ಯೆಗಳನ್ನು 54 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸುತ್ತಿದ್ದ, 1844ರಲ್ಲಿ ಪೈ ಬೆಲೆಯನ್ನು 200 ದಶಮಾಂಶ ಸ್ಥಾನಗಳವರೆಗೆ ಕಂಡುಹಿಡಿದ. ಗಣಿತದ ಮೂಲತತ್ವಗಳನ್ನು ಅವನಿಗೆ ಕಲಿಸಲು ಹೊರಟವರು ಮಾತ್ರ ಸೋತು ಕೈಬಿಟ್ಟರು. ಗೌಸ್‌ನಂಥ ಗಣಿತಜ್ಞ ಅವನನ್ನು ಅಪವರ್ತನಗಳ ಕೋಷ್ಟಕ ತಯಾರಿಸುವ ಕೆಲಸಕ್ಕೆ ಶಿಫಾರಸು ಮಾಡಿದ. ಸರಿಯಾದ ಜಾಗ. ಇಂದಿನ ಭಾಷೆಯಲ್ಲಿ ಅವನೊಬ್ಬ ಕ್ಯಾಲ್ಕುಲೇಟರ್.

ಎದುರು ಬದಿಯಲ್ಲಿ ಲೊರಾಂ ಶ್ವಾರ್ಟ್ಸ್. ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವನ್ನು 1950ರಲ್ಲಿ ಪಡೆದವರು. ಶಾಲೆಯಲ್ಲಿ ತಾನು ನಿಧಾನ ಎಂಬ ಕಾರಣಕ್ಕೆ ತನಗೆ ಬುದ್ಧಿಯೇ ಇಲ್ಲ ಎಂದುಕೊಂಡಿದ್ದೆ, ಈಗಲೂ ನಿಧಾನವೇ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 2014ರಲ್ಲಿ ಅದೇ ಪದಕ ಪಡೆದ ಮೊದಲ ಮಹಿಳೆ ಮರಿಯಂ ಮಿರ್ಜಾಖಾನಿಯೂ ತನ್ನನ್ನು ನಿಧಾನಿ ಎಂದೇ ಕರೆದುಕೊಂಡವರು. ಡಾರ್ವಿನ್ ತನಗೆ ಥಟ್ಟನೆ ಗ್ರಹಿಸುವ ಚುರುಕು ಇಲ್ಲ ಎಂದು ಬರೆದ. ಲೋಕ ಸುತ್ತಿ ಹಡಗಿನಿಂದ ಇಳಿದದ್ದು 1836ರಲ್ಲಿ, ಜೀವಜಾತಿಗಳ ಉಗಮದ ಪುಸ್ತಕ ಬಂದದ್ದು 1859ರಲ್ಲಿ. ನ್ಯೂಮನ್‌ನನ್ನು ನಾನು ಅಲ್ಲಗಳೆಯುವುದಿಲ್ಲ. ಅವನಿಗೆ ವೇಗವೂ ಇತ್ತು, ಉಳಿದದ್ದೂ ಇತ್ತು. ಒಂದೇ ಪ್ರಶ್ನೆಯ ಜೊತೆ ಬೇಸರವಿಲ್ಲದೆ ವರ್ಷಗಟ್ಟಲೆ ಸಂಸಾರ ಮಾಡುವ ಶಕ್ತಿಯನ್ನು ಯಾವ ಗಡಿಯಾರವೂ ಅಳೆಯುವುದಿಲ್ಲ ಎಂಬುದಷ್ಟೇ ನನ್ನ ವಾದ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ. ನನಗೀಗ ಎಪ್ಪತ್ತೊಂದು. ಇಂಥ ವೇಗ ಯೌವನ ಕಳೆಯುತ್ತಿದ್ದಂತೆಯೇ ಇಳಿಯತೊಡಗುತ್ತದೆ, ಪದಸಂಪತ್ತು ಬಹುಕಾಲ ಏರುತ್ತಲೇ ಇರುತ್ತದೆ. ಮೊಮ್ಮಗ ಮಗ್ಗಿಯಲ್ಲಿ ನನ್ನನ್ನು ಸೋಲಿಸುತ್ತಾನೆ, ಸೋಲಿಸಿ ಆಮೇಲೆ ಹೋಂವರ್ಕ್ ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಾನೆ.

ಭದ್ರಾವತಿ ಹುಡುಗ (ಬುಧವಾರ, ರಾತ್ರಿ 10.00)

ಮೇಷ್ಟ್ರೇ, ಒಪ್ಪಿದೆ, ಹಿಡಿಯ ಬೆಲೆಯಲ್ಲೇ ಒಪ್ಪಿದ್ದೇನೆ. ಆದರೆ ಸಿಇಟಿಗೆ ಡಾರ್ವಿನ್ನನ ಇಪ್ಪತ್ಮೂರು ವರ್ಷ ಕೊಡುವುದಿಲ್ಲ. ಪ್ರಶ್ನೆಗೆ 80 ಸೆಕೆಂಡ್. ಹುಡುಗಿ ಈಗ ಒಂದಕ್ಕೆ ಸರಾಸರಿ 130 ಸೆಕೆಂಡ್ ತೆಗೆದುಕೊಳ್ಳುತ್ತಿದ್ದಾಳೆ.

ಅಕ್ಕ, ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 23 ಪ್ರಶ್ನೆಗಳನ್ನು ಖಾಲಿ ಬಿಡುವುದು ಅಪರಾಧ. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದರಂತೆ ಐದಾರು ಬರುತ್ತಿತ್ತು. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ದಾರಿ ಹೊಳೆಯುವವನ್ನು ಮಾತ್ರ ಮಾಡಲಿ, ಎರಡನೆಯ ಸುತ್ತಿನಲ್ಲಿ ಕಷ್ಟದವು, ಕೊನೆಯ ಮೂರು ನಿಮಿಷ ಉಳಿದದ್ದಕ್ಕೆಲ್ಲ ಗುರುತು. ಸೂತ್ರಗಳನ್ನು ಪ್ರತಿ ಸಲ ಹೊಸದಾಗಿ ಸಾಧಿಸುತ್ತಾಳೆಯೇ ಕೇಳಿ. ನಿಧಾನಿಗಳ ದೊಡ್ಡ ಖರ್ಚು ಅಲ್ಲಿಯೇ ಇರುತ್ತದೆ.

ಜಗಲಿಕಟ್ಟೆ (ಗುರುವಾರ, ಬೆಳಿಗ್ಗೆ 8.45)

ಎಲ್ಲರಿಗೂ ಉಪಕಾರವಾಯಿತು. ಫೋನಿನಲ್ಲಿ ಕೇಳಿದೆ. ಹೌದಂತೆ, ಸೂತ್ರ ನೆನಪಿದ್ದರೂ ನಂಬಿಕೆ ಬರುವುದಿಲ್ಲವಂತೆ, ಪ್ರತಿ ಸಲ ಪಕ್ಕದಲ್ಲಿ ಸಾಧಿಸಿ ನೋಡುತ್ತಾಳಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶನಿವಾರ ಮನೆಗೆ ಬರುತ್ತಾಳೆ, ಇದನ್ನೆಲ್ಲ ಓದಿಸುತ್ತೇನೆ.

ಜಗಲಿಕಟ್ಟೆ (ಭಾನುವಾರ, ಸಂಜೆ 4.30)

ನಾನು ಮಗಳು, ಅಮ್ಮನ ಖಾತೆಯಿಂದ ಬರೆಯುತ್ತಿದ್ದೇನೆ. ನಿನ್ನೆ ಒಂದು ಸಲ, ಇವತ್ತು ಒಂದು ಸಲ ಓದಿದೆ.

ಆ 37ರಲ್ಲಿ ತಪ್ಪಾದದ್ದು ಒಂದೇ, ಅದಕ್ಕೇ ಹನ್ನೊಂದು ನಿಮಿಷ ಹೋಯಿತು. ಕೊಟ್ಟಿದ್ದ ನಾಲ್ಕು ಆಯ್ಕೆಗಳೂ ತಪ್ಪು ಎಂದು ನನಗೆ ಈಗಲೂ ಅನ್ನಿಸುತ್ತದೆ. ನಾನು ಬಿಡಿಸಿದ್ದರ ಚಿತ್ರ ತೆಗೆದು ಹಾಕಿದ್ದೇನೆ, ಮೇಷ್ಟ್ರು ನೋಡುತ್ತೀರಾ?

ಮತ್ತೆ, ಮೆಟ್ಟುಗತ್ತಿಯವರೇ, ಮೂರು ಸೆಕೆಂಡಿಗೆ ಒಂದಾದರೆ ನಿಮಿಷಕ್ಕೆ 20, ಗಂಟೆಗೆ 1,200. ಏಳರಿಂದ ಹತ್ತರವರೆಗೆ ಮೂರು ಗಂಟೆಗೆ 3,600 ಆಗುತ್ತದೆ. ಆರು ಸಾವಿರ ಹೇಗಾಯಿತು?

ಹಳೆ ಮೇಷ್ಟ್ರು (ಭಾನುವಾರ, ಸಂಜೆ 6.20)

ನೋಡಿದೆ ಮಗಳೇ. ಮೂರನೆಯ ಆಯ್ಕೆ ಸರಿಯಾಗಿದೆ. ನಾಲ್ಕನೆಯ ಸಾಲಿನಲ್ಲಿ ಋಣ ಚಿಹ್ನೆಯನ್ನು ಬಿಟ್ಟಿದ್ದೀಯ. ಅಲ್ಲಿಂದ ಮುಂದಿನ ಹತ್ತು ನಿಮಿಷವೂ ಸೊಗಸಾದ ಕೆಲಸವೇ, ತಪ್ಪು ಊರಿನ ದಾರಿಯಲ್ಲಿ.

ಅಡಿಕೆಯ ಲೆಕ್ಕ ಮಾತ್ರ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಮೆಟ್ಟುಗತ್ತಿ (ಭಾನುವಾರ, ರಾತ್ರಿ 9.10)

ತಂಗೀ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ನನ್ನದು ಅಕ್ಷರಶಃ ಅಡಿಕೆಗೇ ಹೋಯಿತು. ನಾವು ಅಳೆಯುವುದು ಡಬ್ಬದಲ್ಲಿ, ಒಂದೊಂದಾಗಿ ಎಣಿಸಿದವರು ಯಾರು? ಆರು ಸಾವಿರ ಎಂಬುದು ನಮ್ಮಪ್ಪ ಹೇಳುತ್ತಿದ್ದ ಸಂಖ್ಯೆ, ಅವರ ಕಾಲದಲ್ಲಿ ಐದಕ್ಕೇ ಕೂರುತ್ತಿದ್ದರೋ ಏನೋ.

ಸುಲಿಯುವವರು ಒಳಗೇ ಇದ್ದಾರೆ. ಕೇಳಿದೆ, ನಕ್ಕರು. ಈಗ ಒಂದು ಡಬ್ಬ ತುಂಬಿಸಿ ನೆಲಕ್ಕೆ ಸುರಿದು ಎಣಿಸಲು ಕುಳಿತಿದ್ದೇವೆ. ಮುನ್ನೂರ ನಲವತ್ತರವರೆಗೆ ಬಂದಿತ್ತು, ಇದನ್ನು ಬರೆಯಲು ಹೋಗಿ ತಪ್ಪಿತು. ಮತ್ತೆ ಮೊದಲಿನಿಂದ.